ಹಳೇ ಸೈಕಲ್ಲಿನ ಬಿಡಿಭಾಗ ಕಾರಿನಲ್ಲಿ: ಎಲ್ಲಿ ಹೊಂದುತ್ತೆ, ಎಲ್ಲಿ ಕೈಕೊಡುತ್ತೆ

ಸೈಕಲ್ಲಿನ ಪ್ರತಿಯೊಂದು ಭಾಗವನ್ನೂ ಒಬ್ಬ ಮನುಷ್ಯನ ತೂಕ, ಒಬ್ಬನ ಕೈಕಾಲಿನ ಬಲ ಲೆಕ್ಕಕ್ಕಿಟ್ಟು ಮಾಡಿರುತ್ತಾರೆ. ಅದನ್ನು ಕಾರಿಗೆ ಹಾಕುವ ಮುಂಚೆ ಕೇಳಿಕೊಳ್ಳಬೇಕಾದ್ದು ಒಂದೇ: ಇಲ್ಲಿ ಇದನ್ನು ಎಳೆಯೋದು ಯಾರು? ಕೈ ಎಳೆಯುತ್ತೆ ಅಂತಾದರೆ ಹಾಕಬಹುದು. ಬಾನೆಟ್ ಬಿಚ್ಚುವ ವೈರ್, ಬಾಗಿಲಿನ ಹಿಡಿ, ಕಳಚಿ ಹಾಕುವ ಮುಚ್ಚಳ, ಡ್ಯಾಶ್‌ಬೋರ್ಡಿನ ಅಲಂಕಾರ ಎಲ್ಲ ಈ ಗುಂಪಿಗೆ ಸೇರಿದವು. ಎಂಜಿನ್ ಎಳೆಯುತ್ತೆ, ಇಲ್ಲವೇ ಗಾಡಿಯ ತೂಕ ಬಂದು ಕೂರುತ್ತೆ ಅಂತಾದರೆ ಬೇಡವೇ ಬೇಡ. ಸ್ಟಿಯರಿಂಗ್, ಸಸ್ಪೆನ್ಷನ್, ಬ್ರೇಕ್, ಹ್ಯಾಂಡ್‌ಬ್ರೇಕ್ ವೈರ್, ಸೀಟಿನ ಬುಡ, ಸೀಟ್‌ಬೆಲ್ಟ್ ಕೊಕ್ಕೆ, ರೋಲ್ ಕೇಜ್, ಎಂಜಿನ್ ಮೌಂಟ್: ಇವು ಯಾವುದಕ್ಕೂ ಸೈಕಲ್ ಸಾಮಾನು ಸಲ್ಲದು. ಆಕ್ಸಿಲರೇಟರ್ ವೈರಿಗೂ ಬೇಡ. ಅಲ್ಲಿ ಎಳೆತವೇನೋ ಕಡಿಮೆಯೇ, ಆದರೆ ಎಳೆ ಬಿಚ್ಚಿಕೊಂಡ ವೈರ್ ಔಟರ್ (ವೈರಿನ ಹೊರಗವಚ) ಒಳಗೆ ಸಿಕ್ಕಿಹಾಕಿಕೊಂಡರೆ ಆಕ್ಸಿಲರೇಟರ್ ತೆರೆದಂತೆಯೇ ನಿಂತುಬಿಡುತ್ತೆ.

ಚಕ್ರದ ಮಾತು ಇಲ್ಲೇ ಮುಗಿಸಿಬಿಡೋಣ. 1896ರ ಜೂನ್‌ನಲ್ಲಿ ಹೆನ್ರಿ ಫೋರ್ಡ್ ಓಡಿಸಿದ ಕ್ವಾಡ್ರಿಸೈಕಲ್ ನಿಂತಿದ್ದು ನಾಲ್ಕು ಸೈಕಲ್ ಚಕ್ರಗಳ ಮೇಲೇ ಅನ್ನೋದು ನಿಜ. ಆದರೆ ಆ ಗಾಡಿಯ ತೂಕ ಸುಮಾರು 500 ಪೌಂಡ್, ಅಂದರೆ 227 ಕೆ.ಜಿ. ಇವತ್ತಿನ ಚಿಕ್ಕ ಕಾರು ಅದರ ಮೂರು ನಾಲ್ಕು ಪಟ್ಟು ತೂಗುತ್ತೆ. ತೂಕಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲುವುದರಿಂದ ಭಾರ ಯಾವಾಗಲೂ ಚಕ್ರದ ಸಮತಲದಲ್ಲೇ ಬೀಳುತ್ತೆ. ಕಾರು ಹಾಗೆ ವಾಲಲ್ಲ, ಹಾಗಾಗಿ ತಿರುವಿನ ಬಲವೆಲ್ಲ ಚಕ್ರವನ್ನು ಅಡ್ಡಕ್ಕೆ ನೂಕುತ್ತೆ. 2 ಮಿ.ಮೀ. ಕಡ್ಡಿಗಳ ಚಕ್ರಕ್ಕೆ ಅಡ್ಡಬಲ ತಡೆಯುವ ಶಕ್ತಿ ಅಷ್ಟಿಲ್ಲ, ಒಂದೇ ತಿರುವಿಗೆ ಹಪ್ಪಳದ ಹಾಗೆ ಮಡಚಿಕೊಳ್ಳುತ್ತೆ. ಸ್ಟೆಪ್ನಿಯ ಮುಚ್ಚಳಕ್ಕೋ, ಗ್ರಿಲ್ಲಿನ ಅಂದಕ್ಕೋ ಬಳಸಿ, ಅಷ್ಟು ಸಾಕು.

ಬಿಚ್ಚುವಾಗಲೇ ವಿಂಗಡಿಸಿ

ಮೊದಲು ಮ್ಯಾಗ್ನೆಟ್ ಹಿಡಿದು ಕಬ್ಬಿಣದ ಭಾಗ ಒಂದು ಕಡೆ, ಅಲ್ಯೂಮಿನಿಯಂ ಇನ್ನೊಂದು ಕಡೆ ಹಾಕಿ. ಅಲ್ಯೂಮಿನಿಯಂ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಮತ್ತು ಚೈನ್‌ವೀಲ್‌ಗಳಲ್ಲಿ ಹಲವು ಗಟ್ಟಿ ಮಿಶ್ರಲೋಹದವು. 7075 ಅನ್ನುವ ಮಿಶ್ರಲೋಹದ ತರಹದ್ದಕ್ಕೆ ವೆಲ್ಡಿಂಗ್ ಹಿಡಿದಂತೆ ಕಂಡರೂ ಬದಿಯಲ್ಲೇ ಬಿರುಕು ಬಿಡುತ್ತೆ. ಹಾಗಾಗಿ ಅಲ್ಯೂಮಿನಿಯಂ ಭಾಗ ಏನೇ ಇದ್ದರೂ ಬೋಲ್ಟ್ ಹಾಕಿಯೇ ಕೂರಿಸೋದು ಅಂತ ಮೊದಲೇ ತೀರ್ಮಾನಿಸಿಕೊಳ್ಳಿ.

ಮರೆತು ಕೈ ನೋಯಿಸಿಕೊಳ್ಳುವ ಎರಡು ಜಾಗಗಳಿವೆ. ಎಡಗಡೆ ಪೆಡಲ್ ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತೆ. ಬ್ರಿಟಿಷ್ ಅಳತೆಯ ಬಾಟಮ್ ಬ್ರ್ಯಾಕೆಟ್ಟಿನಲ್ಲಿ (ಕ್ರ್ಯಾಂಕುಗಳ ನಡುವಿನ ಬೇರಿಂಗ್ ಜಾಗ) ಬಲಗಡೆ, ಅಂದರೆ ಚೈನ್ ಇರುವ ಕಡೆಯ ಬೇರಿಂಗ್ ಬಟ್ಟಲು ಉಲ್ಟಾ ಥ್ರೆಡ್. ಪೆಡಲ್ಲಿನ ಥ್ರೆಡ್ ಸಾಮಾನ್ಯವಾಗಿ 9/16 ಇಂಚು, ಇಂಚಿಗೆ 20 ಸುತ್ತು. ಕಾರಿನ ಮೆಟ್ರಿಕ್ ನಟ್ಟು ಅದಕ್ಕೆ ಕೂರಲ್ಲ. ಹೀಗಾಗಿ ಪೆಡಲ್ ಬಳಸುವ ಯೋಚನೆಯಿದ್ದರೆ ಕ್ರ್ಯಾಂಕಿನ ಕಣ್ಣಿನ ಭಾಗವನ್ನೂ ಜೊತೆಗೇ ಕತ್ತರಿಸಿ ಇಟ್ಟುಕೊಳ್ಳಿ.

ಫ್ರೇಮಿನ ಪೈಪು ಬ್ರ್ಯಾಕೆಟ್, ಡ್ಯಾಶ್‌ಬೋರ್ಡಿನ ಚೌಕಟ್ಟು, ಡಿಕ್ಕಿಯೊಳಗಿನ ಸಾಮಾನು ಕಟ್ಟುವ ಸರಳು ಇಂಥವಕ್ಕೆ ಚೆನ್ನಾಗಿರುತ್ತೆ. ಹಳೇ ಸ್ಟೀಲ್ ಫ್ರೇಮಿನಲ್ಲಿ ಮೇಲಿನ ಪೈಪು ಸಾಮಾನ್ಯವಾಗಿ 25.4 ಮಿ.ಮೀ., ಸೀಟಿನ ಪೈಪು ಮತ್ತು ಕೆಳಗಿನ ಪೈಪು 28.6 ಮಿ.ಮೀ. ಒಳ್ಳೇ ಫ್ರೇಮುಗಳಲ್ಲಿ ಪೈಪಿನ ತುದಿ ದಪ್ಪ, ನಡುಭಾಗ ತೆಳು. ನಡುವಿಗೆ ವೆಲ್ಡಿಂಗ್ ಹಿಡಿದರೆ ತೂತು ಬೀಳುತ್ತೆ, ಆದ್ದರಿಂದ ಜಾಯಿಂಟುಗಳು ತುದಿಗೆ ಬರುವ ಹಾಗೆ ಕತ್ತರಿಸಿ. ಕತ್ತರಿಸಿದ ಮೇಲೆ ಒಳಗೆ ಟಾರ್ಚ್ ಬಿಟ್ಟು ನೋಡಿ, ನೆಲಕ್ಕೆ ತಟ್ಟಿ. ತುಕ್ಕಿನ ಪುಡಿ ಚಕ್ಕೆ ಚಕ್ಕೆಯಾಗಿ ಉದುರಿದರೆ ಆ ತುಂಡು ಗುಜರಿಗೆ ಹೋಗಲಿ.

ವೆಲ್ಡಿಂಗ್ ಮಾಡುವವರು ಒಂದು ಮಾತು ನೆನಪಿಡಬೇಕು. ಸೈಕಲ್ಲಿನಲ್ಲಿ ಹೊಳೆಯೋದೆಲ್ಲ ಕ್ರೋಮ್, ಸತು, ಹಳೇ ನಟ್ಟು ಬೋಲ್ಟುಗಳಲ್ಲಿ ಕೆಲವೊಮ್ಮೆ ಕ್ಯಾಡ್ಮಿಯಂ. ಈ ಮೂರರ ಹೊಗೆಯೂ ಶ್ವಾಸಕೋಶಕ್ಕೆ ಕೆಟ್ಟದ್ದು, ಕ್ಯಾಡ್ಮಿಯಂ ಹೊಗೆಯಂತೂ ಜೀವಕ್ಕೇ ಸಂಚಕಾರ. ಕ್ರೋಮ್, ಸತುವಾದರೆ ಜಾಯಿಂಟಿನ ಎರಡೂ ಬದಿ 25 ಮಿ.ಮೀ. ತನಕ ಮಾಸ್ಕ್ ಹಾಕಿಕೊಂಡು ಉಜ್ಜಿ ಬರಿ ಸ್ಟೀಲ್ ಕಾಣಿಸಿ. ಕ್ಯಾಡ್ಮಿಯಂ ಇರಬಹುದು ಅನಿಸಿದ್ದನ್ನು ಉಜ್ಜಲೂ ಬೇಡಿ, ಬೇರೆ ಬೋಲ್ಟ್ ಹಾಕಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಭಾಗಕ್ಕೆ ವೆಲ್ಡಿಂಗ್ ಹಿಡಿಯಲೇಬೇಡಿ. ಆರ್ಕಿನ ಶಾಖ, ಬೆಳಕು ತಗುಲಿದರೆ ಅದರಿಂದ ಫಾಸ್ಜೀನ್ ಅನ್ನುವ ವಿಷಾನಿಲ ಹುಟ್ಟುತ್ತೆ.

ಬ್ರೇಕ್ ಲಿವರ್‌ನಿಂದ ಬಾನೆಟ್ ಬಿಚ್ಚೋದು

ಸೈಕಲ್ ಸಾಮಾನು ಕಾರಿನಲ್ಲಿ ನಿಜವಾಗಿ ಕೆಲಸಕ್ಕೆ ಬರೋದು ಇಲ್ಲಿ. ಕಾರಿನ ಮೂಲ ಬಾನೆಟ್ ವೈರೂ ಹೆಚ್ಚುಕಡಿಮೆ ಇಂಥದ್ದೇ. ಬದಲಾಯಿಸೋದು ಎಳೆಯುವ ವ್ಯವಸ್ಥೆ ಮಾತ್ರ. ಮೂಲ ಲಾಕು, ಅದರ ಜೊತೆ ಬಾನೆಟ್ ಅರ್ಧ ಎದ್ದಾಗ ತಡೆದು ನಿಲ್ಲಿಸುವ ಎರಡನೇ ಕೊಕ್ಕೆ, ಎರಡನ್ನೂ ಮುಟ್ಟಬೇಡಿ. ಆ ಕೊಕ್ಕೆ ಕಿತ್ತ ಕಾರಿನ ಬಾನೆಟ್ ಓಡುವಾಗ ಹಾರಿ ಗಾಜಿಗೆ ಬಡಿದರೆ ಮುಂದೆ ಏನೂ ಕಾಣಿಸಲ್ಲ.

ಬೇಕಾದ ಸಾಮಾನು ಇಷ್ಟು. ಲೋಹದ ಬ್ರೇಕ್ ಲಿವರ್ ಒಂದು. 22.2 ಮಿ.ಮೀ. ಹೊರ ವ್ಯಾಸದ ಹ್ಯಾಂಡಲ್ ಪೈಪು 8 ಸೆಂ.ಮೀ., ಲಿವರಿನ ಕ್ಲಾಂಪ್ ಕೂರಲು. ಬ್ರೇಕಿನ ಔಟರ್, 5 ಮಿ.ಮೀ. ದಪ್ಪದ್ದು. ಔಟರಿನ ತುದಿಗೆ ಹಾಕುವ ಟೊಪ್ಪಿ ಎರಡು. ಕ್ಯಾಲಿಪರಿನಿಂದ (ಚಕ್ರವನ್ನು ಹಿಡಿಯುವ ಬ್ರೇಕಿನ ಇಕ್ಕಳ) ಬಿಚ್ಚಿದ ವೈರ್ ಹಿಡಿಯುವ ತೂತಿನ ಬೋಲ್ಟ್ ಒಂದು, ಬಿಗಿ ಹೊಂದಿಸುವ ಸ್ಕ್ರೂ ಒಂದು. ಒಳಗಿನ ವೈರ್ ಮಾತ್ರ ಹೊಸದು ತನ್ನಿ, 1.5 ಅಥವಾ 1.6 ಮಿ.ಮೀ. ಹಳೇ ವೈರ್ ಹೊರಗಿಂದ ಹೊಳೆದರೂ ಬಾಗುವ ಜಾಗದಲ್ಲಿ ಒಂದೆರಡು ಎಳೆ ತುಂಡಾಗಿರುತ್ತೆ. ಗೇರಿನ ಔಟರ್ ಬೇಡ. ಅದರೊಳಗಿನ ತಂತಿಗಳು ಉದ್ದುದ್ದ ಇರುತ್ತವೆ, ಜೋರಾಗಿ ಎಳೆದಾಗ ಸೀಳಿ ಹೊರಬರುತ್ತವೆ. ಬ್ರೇಕಿನ ಔಟರಿನಲ್ಲಿ ತಂತಿ ಸ್ಪ್ರಿಂಗಿನಂತೆ ಸುತ್ತಿರುವುದರಿಂದ ಒತ್ತಡ ತಡೆಯುತ್ತೆ.

ಮೊದಲ ಕೆಲಸ ಅಳತೆ. ಬಾನೆಟ್ ತೆರೆದಿಟ್ಟು, ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿ. ಈಗ ಲಾಕಿನ ತೋಳನ್ನು ಇಕ್ಕಳದಿಂದ ನಿಧಾನ ಎಳೆಯುತ್ತಾ, ಎಷ್ಟು ಮಿ.ಮೀ. ಸರಿದಾಗ ಅದು ಟಕ್ ಎಂದು ಬಿಚ್ಚುತ್ತೆ ಅಂತ ಸ್ಕೇಲ್ ಹಿಡಿದು ನೋಡಿ. ಆಮೇಲೆ ಲಿವರಿಗೆ ವೈರ್ ಹಾಕಿ ಪೂರ್ತಿ ಒತ್ತಿ, ವೈರ್ ಎಷ್ಟು ಒಳಗೆ ಹೋಯಿತು ಅಂತ ಅಳೆಯಿರಿ. ಲಿವರಿನ ಎಳೆತ ಲಾಕಿಗೆ ಬೇಕಾದ್ದಕ್ಕಿಂತ ಕನಿಷ್ಠ 5 ಮಿ.ಮೀ. ಹೆಚ್ಚಿರಬೇಕು. ಅದರಲ್ಲಿ ಒಂದಿಷ್ಟು ವೈರಿನ ಸಡಿಲಿಗೆ, ಔಟರ್ ಕುಗ್ಗುವುದಕ್ಕೆ ಹೋಗುತ್ತೆ. ವಿ-ಬ್ರೇಕಿನ (ಎರಡು ಉದ್ದ ತೋಳಿನ ಹೊಸ ಬಗೆಯ ಬ್ರೇಕ್) ಲಿವರ್ ಹಳೇ ಕ್ಯಾಲಿಪರ್ ಬ್ರೇಕಿನ ಲಿವರಿಗಿಂತ ಸುಮಾರು ಎರಡು ಪಟ್ಟು ವೈರ್ ಎಳೆಯುತ್ತೆ, ಅದಕ್ಕೆ ತಕ್ಕಂತೆ ಬಲ ಅರ್ಧಕ್ಕಿಳಿಯುತ್ತೆ. ಲಾಕು ಉದ್ದ ಎಳೆತ ಕೇಳುತ್ತಾ, ಬಿಗಿ ಎಳೆತ ಕೇಳುತ್ತಾ ನೋಡಿಕೊಂಡು ಲಿವರ್ ಆರಿಸಿ. ವೈರಿನ ತಲೆಯೂ ಲಿವರಿಗೆ ಹೊಂದಬೇಕು. ಡೋಲಿನಂತೆ ಅಡ್ಡಲಾಗಿರುವ ತಲೆ ಒಂದು ಬಗೆ, ಪೇರಳೆಕಾಯಿಯಂತಿರುವುದು ಇನ್ನೊಂದು. ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕಿದರೆ ನಾಲ್ಕು ಸಲ ಎಳೆದ ಮೇಲೆ ಜಾರಿ ಬರುತ್ತೆ.

ಔಟರಿನ ದಾರಿ ಚಿಕ್ಕದಿದ್ದಷ್ಟೂ ಒಳ್ಳೇದು. ತಿರುವುಗಳು 10 ಸೆಂ.ಮೀ. ತ್ರಿಜ್ಯಕ್ಕಿಂತ ಇಕ್ಕಟ್ಟಾಗದಿರಲಿ. ಸೈಲೆನ್ಸರ್ ಪೈಪಿನಿಂದ ಒಂದು ಗೇಣು ದೂರ ಇರಲಿ, ಇಲ್ಲದಿದ್ದರೆ ಒಳಗಿನ ಪ್ಲಾಸ್ಟಿಕ್ ಪದರ ಕರಗಿ ವೈರಿಗೆ ಅಂಟಿಕೊಳ್ಳುತ್ತೆ. ಎಂಜಿನ್ ಕೋಣೆಯ ತಗಡಿನಲ್ಲಿ ತೂತು ಕೊರೆದ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚು ಮುಚ್ಚುವ ಉಂಗುರ) ಹಾಕಿ. ಔಟರ್ ಕತ್ತರಿಸಿದ ತುದಿಯನ್ನು ಅರದಿಂದ ಸಮ ಮಾಡಿ, ಮುಚ್ಚಿಕೊಂಡ ಬಾಯನ್ನು ಮೊನಚು ಕಡ್ಡಿಯಿಂದ ಬಿಡಿಸಿ, ಆಮೇಲೆ ಟೊಪ್ಪಿ ಹಾಕಿ. ಈ ಒಂದು ನಿಮಿಷದ ಕೆಲಸ ಬಿಟ್ಟವರೇ ಆಮೇಲೆ ಲಿವರ್ ಗಟ್ಟಿ ಅಂತ ಗೊಣಗೋದು. ಔಟರಿನ ತುದಿ ಮೇಲ್ಮುಖವಾಗಿ ತೆರೆದಿದ್ದರೆ ಅದರೊಳಗೆ ನೀರು ಇಳಿದು ನಿಲ್ಲುತ್ತೆ, ತುಕ್ಕು ಶುರುವಾಗೋದು ಅಲ್ಲಿಂದಲೇ.

ವೈರನ್ನು ಲಾಕಿನ ತೋಳಿಗೆ ತೂತಿನ ಬೋಲ್ಟಿನಿಂದ ಬಿಗಿಯಿರಿ, 2ರಿಂದ 3 ಮಿ.ಮೀ. ಸಡಿಲು ಬಿಡಿ. ಸಡಿಲೇ ಇಲ್ಲದಿದ್ದರೆ ಲಾಕು ಸದಾ ಅರ್ಧ ಎಳೆದಂತೆ ನಿಂತು, ಗಾಡಿ ರಸ್ತೆಗುಂಡಿ ಹಾರಿದಾಗ ತಾನಾಗಿ ಬಿಚ್ಚಿಕೊಳ್ಳಬಹುದು. ಬೋಲ್ಟನ್ನು ವೈರ್ ಚಪ್ಪಟೆಯಾಗುವ ಮಟ್ಟಕ್ಕೆ ಬಿಗಿಯಬಾರದು, ಅದೇ ಜಾಗದಲ್ಲಿ ಎಳೆಗಳು ಒಂದೊಂದಾಗಿ ಕತ್ತರಿಸಿ ಹೋಗುತ್ತವೆ. ಲಿವರನ್ನು ಮೊಣಕಾಲು ತಾಗದ, ಪೆಡಲ್ ತುಳಿಯುವ ಕಾಲಿಗೆ ಸಿಗದ ಜಾಗದಲ್ಲಿ ಕೂರಿಸಿ.

ಬಾನೆಟ್ ಮುಚ್ಚುವ ಮುಂಚೆ ಇನ್ನೊಂದು ವೈರ್ ಬೇಕು. ಲಾಕಿನ ತೋಳಿಗೆ ಎರಡನೇ ವೈರ್ ಕಟ್ಟಿ, ಕೆಳಗಿಂದ ಕೈ ಹಾಕಿದರೆ ಮಾತ್ರ ಸಿಗುವ ಗುಪ್ತ ಜಾಗಕ್ಕೆ ತಂದು ತುದಿಗೆ ಕುಣಿಕೆ ಮಾಡಿ. ಒಳಗಿನ ವೈರ್ ತುಂಡಾದ ದಿನ ಬಾನೆಟ್ ಕತ್ತರಿಸದೆ ತೆಗೆಯಲು ಇದೊಂದೇ ದಾರಿ. ಆಮೇಲೆ ಬಾನೆಟ್ ತೆರೆದಿಟ್ಟೇ ಸ್ಕ್ರೂಡ್ರೈವರ್‌ನಿಂದ ಲಾಕು ಒತ್ತಿ, ಲಿವರ್ ಎಳೆದು, 50 ಸಲ ಪರೀಕ್ಷೆ ಮಾಡಿ. ಹೊಸ ವೈರ್ ಹಿಗ್ಗೋದು, ಟೊಪ್ಪಿ ಕೂರೋದು ಎಲ್ಲ ಅಷ್ಟರಲ್ಲಿ ಆಗಿಬಿಡುತ್ತೆ. ಬಿಗಿ ಮತ್ತೆ ಹೊಂದಿಸಿ, ಆಮೇಲಷ್ಟೇ ಮುಚ್ಚಿ.

ಡಿಕ್ಕಿಗೂ ಇದೇ ಕ್ರಮ. ದಾರಿ ಉದ್ದವಾದ್ದರಿಂದ ಔಟರನ್ನು 30 ಸೆಂ.ಮೀ.ಗೊಂದರಂತೆ ಕ್ಲಿಪ್ ಹಾಕಿ ಹಿಡಿಸಬೇಕು. ಔಟರ್ ಅಲುಗಾಡಿದರೆ ಎಳೆತವೆಲ್ಲ ಅದನ್ನು ನೇರ ಮಾಡುವುದರಲ್ಲೇ ಮುಗಿದುಹೋಗುತ್ತೆ.

ಚೈನಿನಿಂದ ಬಾಗಿಲಿನ ಹಿಡಿ

ಚೈನಿನ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, 12.7 ಮಿ.ಮೀ. ಗೇರ್ ಇಲ್ಲದ ಸೈಕಲ್ಲಿನ ದಪ್ಪ ಚೈನ್ ಈ ಕೆಲಸಕ್ಕೆ ಒಳ್ಳೇದು. ಗೇರ್ ಸೈಕಲ್ಲಿನದು ತೆಳು, ಅಡ್ಡಕ್ಕೂ ಬಳುಕುತ್ತೆ. ಸವೆತ ನೋಡಲು 24 ಕೊಂಡಿ ಅಳೆಯಿರಿ. ಹೊಸದಾದರೆ 304.8 ಮಿ.ಮೀ. 308 ದಾಟಿದ್ದರೆ ಕೊಂಡಿಗಳು ಲಟಲಟ ಅನ್ನುತ್ತವೆ, ಬಾಗು ನುಣುಪಾಗಿ ಬರಲ್ಲ.

ಒಂದು ಹಿಡಿಗೆ 26 ಕೊಂಡಿ ಸಾಕು. ಎರಡೂ ತುದಿಯ ಮೂರು ಮೂರು ಕೊಂಡಿ ಬಾಗಿಲಿಗೆ ಬಿಗಿಯುವ ಸ್ಟೀಲ್ ಪಟ್ಟಿಯ ಮೇಲೆ ಕೂರುತ್ತವೆ, ನಡುವಿನ 20 ಕೊಂಡಿ, ಅಂದರೆ 254 ಮಿ.ಮೀ., ಕಮಾನು. ಕಮಾನಿನ ಎರಡು ಬುಡಗಳ ನಡುವೆ 220 ಮಿ.ಮೀ. ಇಟ್ಟರೆ ನಡುವೆ ಸುಮಾರು 55 ಮಿ.ಮೀ. ಉಬ್ಬು ಸಿಗುತ್ತೆ. ಬೆರಳು ಸಲೀಸಾಗಿ ಹೋಗುತ್ತೆ.

ಚೈನ್ ತೊಳೆಯೋದೇ ಅರ್ಧ ಕೆಲಸ. ಗ್ರೀಸು ರೋಲರಿನ ಒಳಗೆ ಅಡಗಿರುತ್ತೆ, ಹೊರಗೆ ಒರೆಸಿದರೆ ಹೋಗಲ್ಲ. ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಸಿ, ಡಬ್ಬಿಯಲ್ಲಿ ಹಾಕಿ ಕುಲುಕಿ, ಹೊಸ ಸೀಮೆಎಣ್ಣೆಯಲ್ಲಿ ಇನ್ನೊಂದು ಸಲ. ಆಮೇಲೆ ಸೋಪುಪುಡಿ ಹಾಕಿದ ಬಿಸಿನೀರು. ಪೂರ್ತಿ ಒಣಗಿದ ಮೇಲೆ ಬಯಲಿನಲ್ಲಿ ಹೀಟ್ ಗನ್ ಹಿಡಿಯಿರಿ. ಇನ್ನೂ ಹೊಗೆ ಬಂದರೆ ತೊಳೆದದ್ದು ಸಾಲದು ಅಂತ ಅರ್ಥ. ಹಾಗೇ ವೆಲ್ಡಿಂಗ್ ಮಾಡಿದರೆ ಗ್ರೀಸು ಕುದ್ದು ಜಾಯಿಂಟಿನಲ್ಲಿ ಗುಳ್ಳೆ ಗುಳ್ಳೆ ಬೀಳುತ್ತೆ. ತುಕ್ಕು ತೆಗೆಯಲು ವಿನೆಗರ್‌ನಲ್ಲಿ ನೆನೆಹಾಕುವ ಉಪಾಯ ಹ್ಯಾಂಡಲ್ಲಿಗೆ ಸರಿ, ಚೈನಿಗೆ ಬೇಡ. ಹದಗೊಳಿಸಿದ ಗಟ್ಟಿ ಸ್ಟೀಲು ಆಮ್ಲದಲ್ಲಿ ನೆನೆದರೆ ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತೆ.

ಚೈನ್ ಬಾಗೋದು ಒಂದೇ ದಿಕ್ಕಿನಲ್ಲಿ. ಆದ್ದರಿಂದ ಕಮಾನು ಬಾಗಿಲಿನಿಂದ ಹೊರಕ್ಕೆ ಉಬ್ಬುವ ಹಾಗೆ ಅದರ ಅಂಚನ್ನು ಬಾಗಿಲ ಕಡೆ ಇಡಬೇಕು. ದಪ್ಪ ತಗಡಿನ ಮೇಲೆ ಸೀಮೆಸುಣ್ಣದಿಂದ ಕಮಾನು ಬರೆದು, ಗೆರೆಯುದ್ದಕ್ಕೂ ಆರೇಳು ಬೋಲ್ಟ್ ನಿಲ್ಲಿಸಿ ಟ್ಯಾಕ್ (ಚುಕ್ಕೆಯಷ್ಟು ವೆಲ್ಡಿಂಗ್) ಮಾಡಿದರೆ ಅಚ್ಚು ತಯಾರು. ಚೈನನ್ನು ಅದಕ್ಕೆ ಒತ್ತಿ ಬಿಗಿದು, ಒಳತಟ್ಟೆ ಹೊರತಟ್ಟೆ ಸೇರುವ ಜಾಗದಲ್ಲಿ, ಬಾಗಿಲ ಕಡೆಗೆ ಬರುವ ಅಂಚಿನಲ್ಲಿ ಮಾತ್ರ, ಅಕ್ಕಿಕಾಳಿನಷ್ಟು ಟ್ಯಾಕ್ ಇಡಿ. ಟಿಗ್ ವೆಲ್ಡಿಂಗ್ ಇದ್ದರೆ ಅಂದ, ಮಿಗ್ ವೆಲ್ಡಿಂಗ್ ಆದರೆ 0.8 ಮಿ.ಮೀ. ವೈರ್. ಒಂದರ ಪಕ್ಕ ಒಂದು ಹಾಕುತ್ತಾ ಹೋಗಬೇಡಿ. ಒಂದು ಈ ತುದಿ, ಒಂದು ಆ ತುದಿ, ಒಂದು ನಡುವೆ ಅಂತ ಹಾಕಿದರೆ ಶಾಖ ಒಂದೇ ಕಡೆ ಸೇರಿ ಕಮಾನು ತಿರುಚಿಕೊಳ್ಳಲ್ಲ. ಹದಗೊಳಿಸಿದ ತಟ್ಟೆ ವೆಲ್ಡಿಂಗಿನ ಪಕ್ಕದಲ್ಲಿ ಪೆಡಸಾಗಿ ಬಿರುಕು ಬಿಡುವುದುಂಟು. ಆದರೂ ಹಿಡಿ ಕಿತ್ತು ಬರಲ್ಲ. ಎಳೆತ ಹೊರುತ್ತಿರೋದು ಚೈನಿನ ಪಿನ್ನುಗಳು, ಟ್ಯಾಕ್ ಇರೋದು ಆಕಾರ ನಿಲ್ಲಲು ಅಷ್ಟೇ. ಪಿನ್ನುಗಳ ತಲೆ ಗ್ರೈಂಡರಿನಲ್ಲಿ ಉಜ್ಜಿ ನುಣ್ಣಗೆ ಮಾಡುವ ಚಪಲ ಬಂದರೆ ತಡೆದುಕೊಳ್ಳಿ.

ತುದಿಯ ಮೂರು ಮೂರು ಕೊಂಡಿಗಳನ್ನು 3 ಮಿ.ಮೀ. ದಪ್ಪದ ಸ್ಟೀಲ್ ಪಟ್ಟಿಗೆ ಎರಡೂ ಬದಿಯಿಂದ ವೆಲ್ಡ್ ಮಾಡಿ. ಪಟ್ಟಿಯನ್ನು ಎಂ6 (6 ಮಿ.ಮೀ.) ಬೋಲ್ಟುಗಳಿಂದ ಬಾಗಿಲ ಒಳತಗಡಿಗೆ ಹಿಡಿಸಿ, ಹಿಂದೆ 25×50 ಮಿ.ಮೀ. ತಗಡಿನ ತುಂಡು ಆಸರೆ ಕೊಡಿ. ಬರೀ ರೆಕ್ಸಿನ್ ಹಲಗೆಗೆ ಬಿಗಿದರೆ ಗಾಳಿಗೆ ಎಳೆದುಹಾಕಿದ ಮೊದಲ ಬಾಗಿಲಿಗೇ ಹಲಗೆಸಮೇತ ಕೈಗೆ ಬರುತ್ತೆ. ತೂತು ಕೊರೆಯುವ ಮುಂಚೆ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಬೋಲ್ಟಿನ ತುದಿ ಮತ್ತು ಗಾಜಿನ ನಡುವೆ ಎಷ್ಟು ಜಾಗ ಉಳಿಯುತ್ತೆ ನೋಡಿ. ಬಾಗಿಲಲ್ಲಿ ಏರ್‌ಬ್ಯಾಗ್ ಅಥವಾ ಅದರ ಸೆನ್ಸರ್ ಇದ್ದರೆ ಈ ಇಡೀ ಕೆಲಸ ಕೈಬಿಡಿ. ಎಲ್ಲ ಮುಗಿದ ಮೇಲೆ ಎಮರಿ ಪೇಪರ್‌ನಿಂದ ಚೂಪು ಹೊಡೆದು ಪಾರದರ್ಶಕ ಲ್ಯಾಕರ್ ಎರಡು ಪದರ. ಎಣ್ಣೆ ಹೋದ ಚೈನಿಗೆ ವಾರದಲ್ಲಿ ತುಕ್ಕು ಹಿಡಿಯುತ್ತೆ.

ಇದೇ ರೀತಿ ಚೈನಿನಿಂದ ಸ್ಟಿಯರಿಂಗ್ ವೀಲ್ ಮಾಡುವವರಿದ್ದಾರೆ. ಪ್ರದರ್ಶನಕ್ಕೆ ನಿಲ್ಲಿಸುವ ಗಾಡಿಗಾದರೆ ಸೈ. ರಸ್ತೆಗಿಳಿಯುವ ಗಾಡಿಗೆ ಬೇಡ. ಢಿಕ್ಕಿಯಲ್ಲಿ ಎದೆ, ಮುಖ ಹೋಗಿ ಬಡಿಯುವ ಜಾಗ ಅದು.

ಚೈನ್‌ವೀಲ್: ಅಂದವೂ ಹಲ್ಲೂ

ಯಾವ ಚೈನ್‌ವೀಲ್ ಎಲ್ಲಿ ಕೂರುತ್ತೆ ಅಂತ ನೋಡಲು ಒಂದು ಸುಲಭ ಲೆಕ್ಕ: ಹಲ್ಲುಗಳ ಸಂಖ್ಯೆ × 4.04 = ವ್ಯಾಸ, ಮಿ.ಮೀ.ನಲ್ಲಿ. 44 ಹಲ್ಲಿನದು ಸುಮಾರು 178, 52 ಹಲ್ಲಿನದು 210. ಇದು ಚೈನ್ ಕೂರುವ ವೃತ್ತ, ಹಲ್ಲಿನ ತುದಿ ಇದಕ್ಕಿಂತ ಕೆಲವು ಮಿ.ಮೀ. ಹೊರಗಿರುತ್ತೆ. ಚಿಕ್ಕ ಮೀಟರುಗಳಿಗೆ ಬೇಕಾದ ತೂತು ಸಾಮಾನ್ಯವಾಗಿ 52 ಮಿ.ಮೀ. ಹಾಗಾಗಿ ಅದರ ಸುತ್ತ ಚೌಕಟ್ಟಾಗಿ 28 ಹಲ್ಲಿನ ಸ್ಟೀಲ್ ವೀಲ್ ಚೆನ್ನಾಗಿ ಕಾಣುತ್ತೆ.

ಹಲ್ಲುಗಳನ್ನು ಹಾಗೇ ಬಿಡಬೇಡಿ. ಕಾರಿನ ಹೊರಮೈಯ ಚೂಪಿನ ಬಗ್ಗೆ ಇರುವ ವಿಶ್ವಸಂಸ್ಥೆಯ ವಾಹನ ನಿಯಮ 26ರಲ್ಲಿ, ಹೊರಗೆ ಚಾಚಿದ ಭಾಗದ ದುಂಡು ಸಾಮಾನ್ಯವಾಗಿ 2.5 ಮಿ.ಮೀ. ತ್ರಿಜ್ಯಕ್ಕಿಂತ ಕಡಿಮೆ ಇರಬಾರದು. ಚೈನ್‌ವೀಲಿನ ಹಲ್ಲು ಇದರ ಹತ್ತಿರಕ್ಕೂ ಬರಲ್ಲ. ಹೊರಮೈ ಮೇಲೆ ಹಾಕೋದೇ ಬೇಡ. ಒಳಗೆ, ತಲೆ ಮೊಣಕಾಲು ತಾಗುವ ಕಡೆಯೂ ಬೇಡ. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳದ ಮೇಲೆ ಹಾಕಿದರೆ ಯಾರಿಗೂ ತೊಂದರೆಯಿಲ್ಲ, ಬಾನೆಟ್ ಎತ್ತಿದಾಗ ಕಣ್ಣಿಗೂ ಹಬ್ಬ. ಅಲ್ಲಿ ಎರಡು ಎಚ್ಚರ ಬೇಕು. ಮುಚ್ಚಳದ ಒಳಮೈಗೆ ನಟ್ಟು ಬರಬಾರದು, ಬಂದರೂ ಅದು ಕಳಚಲಾಗದ ಹಾಗೆ ರಿವೆಟ್ ಆಗಿರಬೇಕು. ಸಡಿಲಾದ ಒಂದು ವಾಷರ್ ಕಾರ್ಬ್ಯುರೇಟರ್ ಮೂಲಕ ಇಳಿದರೆ ವಾಲ್ವು, ಪಿಸ್ಟನ್ ಎರಡೂ ಹೋದಂತೆ. ಇನ್ನೊಂದು ಎತ್ತರ. ಚೈನ್‌ವೀಲ್ ಮೇಲೆ ಮೂರು ಕಡೆ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆಯಿರಿ. ಉಂಡೆ 20 ಮಿ.ಮೀ.ಗಿಂತ ತೆಳ್ಳಗೆ ಚಪ್ಪಟೆಯಾಗಿದ್ದರೆ ಜಾಗ ಸಾಲದು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಅಲುಗಾಡುವಾಗ ಬಾನೆಟ್ಟಿಗೆ ಒಳಗಿಂದ ಗೀರು ಬೀಳುತ್ತೆ.

ಟ್ಯೂಬು, ಕ್ವಿಕ್ ರಿಲೀಸ್, ಬೆಲ್ಲು

ತೂತಾದ ಟ್ಯೂಬನ್ನು ಎಸೆಯಬೇಡಿ. ಉದ್ದಕ್ಕೆ ಸೀಳಿ, ಒಳಗಿನ ಪೌಡರ್ ತೊಳೆದು, 30 ಮಿ.ಮೀ. ಪಟ್ಟಿ ಮಾಡಿಕೊಂಡರೆ ಬ್ಯಾಟರಿ ಕ್ಲಾಂಪಿನಡಿ, ವೈರಿಂಗ್ ಕ್ಲಿಪ್ಪಿನೊಳಗೆ, ಗಡಗಡ ಅನ್ನುವ ತಗಡುಗಳ ನಡುವೆ ಹಾಕಬಹುದು. ಅಲ್ಯೂಮಿನಿಯಂ ಭಾಗ ಸ್ಟೀಲ್ ಬಾಡಿಯ ಮೇಲೆ ಕೂರುವ ಕಡೆ ಇದು ಇರಲೇಬೇಕು, ಇಲ್ಲದಿದ್ದರೆ ತೇವಕ್ಕೆ ಅಲ್ಯೂಮಿನಿಯಂ ಬಿಳಿಪುಡಿಯಾಗಿ ತಿನ್ನಿಸಿಕೊಳ್ಳುತ್ತೆ. ಪೆಟ್ರೋಲ್, ಆಯಿಲ್ ತಾಗುವ ಕಡೆ ಮಾತ್ರ ಬೇಡ. ಬ್ಯುಟೈಲ್ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ.

ಚಕ್ರದ ಕ್ವಿಕ್ ರಿಲೀಸ್ ಕಡ್ಡಿ ಹೆಚ್ಚಾಗಿ ಎಂ5 ಥ್ರೆಡ್ಡಿನದು. ಬ್ಯಾಟರಿ ಪೆಟ್ಟಿಗೆಯ ಮುಚ್ಚಳ, ಹಿಂದಿನ ಶೆಲ್ಫು, ಟೂಲ್ ಪೆಟ್ಟಿಗೆ ಇಂಥ ಕಡೆ ಸ್ಪ್ಯಾನರ್ ಇಲ್ಲದೆ ಬಿಚ್ಚಬಹುದು. ಲಿವರ್ ಅರ್ಧ ತಿರುಗಿದಾಗ ಬಿಗಿ ಸಿಗಲು ಶುರುವಾಗಬೇಕು, ಪೂರ್ತಿ ಮುಚ್ಚಿದಾಗ ಅಂಗೈ ಮೇಲೆ ಗುರುತು ಮೂಡಬೇಕು. ಅದಕ್ಕಿಂತ ಸಡಿಲವಿದ್ದರೆ ಕಂಪನಕ್ಕೆ ಬಿಚ್ಚಿಕೊಳ್ಳುತ್ತೆ.

ಬೆಲ್ಲಿನ ಬಟ್ಟಲು ಹಾರ್ನ್ ಗುಂಡಿಯ ಟೋಪಿಯಾಗಿ ಬಲು ಅಂದ. ಆದರೆ ಲೋಹವಾದ್ದರಿಂದ ಹಾರ್ನಿನ ತಂತಿಗೆ ತಾಗಿ ಬಾಡಿಗೆ ಅರ್ತ್ ಆದರೆ ಹಾರ್ನ್ ಬಿಡದೆ ಕೂಗುತ್ತೆ. ಒಳಗೆ ಟ್ಯೂಬಿನ ತುಂಡು ಅಂಟಿಸಿ. ಏರ್‌ಬ್ಯಾಗ್ ಇರುವ ಸ್ಟಿಯರಿಂಗಿಗೆ ಇದನ್ನೂ ಹಾಕುವಂತಿಲ್ಲ.

ಡೈನಮೊ ಲೈಟು

ಹಳೇ ಡೈನಮೊ ಲೈಟಿನ ಡಬ್ಬಿ ಕಾರಿನ ಒಳಗಿನ ದೀಪಕ್ಕೆ ಹೇಳಿ ಮಾಡಿಸಿದ ಹಾಗಿರುತ್ತೆ. ಅದರ ಬಲ್ಬು 6 ವೋಲ್ಟಿನದು, ಕಾರಿನ ಬ್ಯಾಟರಿಗೆ ಕೊಟ್ಟರೆ ಮಿಂಚಿ ಸುಟ್ಟುಹೋಗುತ್ತೆ. ಬಿಳಿ ಎಲ್‌ಇಡಿ ಮೂರನ್ನು ಸಾಲಾಗಿ ಜೋಡಿಸಿ. ಒಂದಕ್ಕೆ 3.2 ವೋಲ್ಟ್ ಅಂದರೆ ಮೂರಕ್ಕೆ 9.6. ಎಂಜಿನ್ ಓಡುವಾಗ ಕಾರಿನಲ್ಲಿ 14.4 ವೋಲ್ಟ್ ತನಕ ಇರುತ್ತೆ. ಉಳಿದ 4.8 ವೋಲ್ಟನ್ನು 20 ಮಿಲಿಆಂಪಿಯರಿಗೆ ಭಾಗಿಸಿದರೆ 240 ಓಮ್. ಅಂಗಡಿಯಲ್ಲಿ ಸಿಗೋದು 270, ಅದನ್ನೇ ಹಾಕಿ, ಕಾಲು ವ್ಯಾಟಿನದು ಸಾಕು. 12 ವೋಲ್ಟ್ ಅಂತ ಲೆಕ್ಕ ಹಾಕಿ 120 ಓಮ್ ಹಾಕಿದವರ ದೀಪ ಗಾಡಿ ನಿಂತಾಗ ಚೆನ್ನಾಗಿ ಉರಿದು, ಓಡುವಾಗ ಎರಡರಷ್ಟು ಕರೆಂಟ್ ಕುಡಿದು ಬೇಗ ಸಾಯುತ್ತೆ. ತಂತಿಯ ಬುಡದಲ್ಲಿ 1 ಆಂಪಿಯರ್ ಫ್ಯೂಸ್ ಇರಲಿ.

ಸೈಕಲ್ಲಿನಂತೆ ಕಾರಿನಲ್ಲೂ ಕರೆಂಟು ಬಾಡಿ ಮೂಲಕವೇ ವಾಪಸ್ ಹೋಗೋದು. ದೀಪ ಮಿಣುಕುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಬ್ರ್ಯಾಕೆಟ್ಟಿನ ಕೆಳಗಿನ ಪೇಂಟನ್ನು. ಶಬ್ದ ಬಾರದಿರಲಿ ಅಂತ ನೀವೇ ಟ್ಯೂಬಿನ ಪಟ್ಟಿ ಹಾಕಿದ್ದರೆ ಅರ್ತ್ ಅಲ್ಲಿಗೇ ಕಡಿದುಹೋಗಿರುತ್ತೆ, ಬೇರೆಯದೇ ಒಂದು ಅರ್ತ್ ತಂತಿ ಎಳೆಯಿರಿ. ಕಾರಿನ ಹೊರಗಿನ ಇಂಡಿಕೇಟರ್, ಬ್ರೇಕ್ ಲೈಟಿನ ಜಾಗಕ್ಕೆ ಈ ಡಬ್ಬಿ ಬೇಡ. ಅಲ್ಲಿ ಅನುಮೋದನೆಯ ಮುದ್ರೆ ಇರುವ ದೀಪವೇ ಇರಬೇಕು.

ಎಲ್ಲ ಕೂರಿಸಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ತಗಡಿನವರೆಗೆ ಪೇಂಟಿನಿಂದ ಒಂದು ಗೆರೆ ಎಳೆಯಿರಿ. 100 ಕಿ.ಮೀ. ಓಡಿಸಿ ಬಂದು ನೋಡಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ ಲೆಕ್ಕ. ಅಲ್ಲಿ ಮಾಮೂಲಿ ನಟ್ಟು ತೆಗೆದು ನೈಲಾನ್ ಉಂಗುರದ ಲಾಕ್ ನಟ್ಟು ಹಾಕಿ, ಹೊಸ ಗೆರೆ ಎಳೆದು ಇನ್ನೊಂದು 100 ಕಿ.ಮೀ. ನೋಡಿ.